ಇಲಿ ಕರಗಿತು, ಮನುಷ್ಯ ಕರಗಲಿಲ್ಲ

‘ಹದಿನೈದೇ ದಿನ, ಕೊಬ್ಬು ಮಾಯ!’ ಈ ಜಾಹೀರಾತು ಯಾರ ಮೊಬೈಲನ್ನೂ ಬಿಟ್ಟಿಲ್ಲ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬರುವ ಹುಡುಗನನ್ನೂ ಬಿಟ್ಟಿಲ್ಲ. ಅವನು ಆ ಮಾತ್ರೆಗೆ ದುಡ್ಡು ಸುರಿಯೋ ಮುಂಚೆ ಒಂದು ಇತಿಹಾಸ ಕೇಳಲಿ ಅನ್ನೋದು ನನ್ನ ಆಸೆ.

ನೋಡಿ, ನಮ್ಮ ಮೈಯಲ್ಲಿ ಎರಡು ಬಗೆಯ ಕೊಬ್ಬಿದೆ. ಬಿಳಿ ಕೊಬ್ಬು ಕಣಜ, ಕೂಡಿಡುತ್ತದೆ. ಕಂದು ಕೊಬ್ಬು ಒಲೆ. ಸುಟ್ಟು ಶಾಖ ಕೊಡುತ್ತದೆ. ಹಸುಗೂಸಿನ ಬೆನ್ನ ಮೇಲ್ಭಾಗದಲ್ಲಿ ಈ ಒಲೆ ಇದೆ. ಅಜ್ಜಿ ತೊಡಿಸುವ ಕುಂಚಿಗೆ ಹೊರಗಿನಿಂದ ಕಾದರೆ, ಇದು ಒಳಗಿನಿಂದ ಕಾಯುತ್ತದೆ.

ಎರಡಕ್ಕೂ ಅಪ್ಪಣೆ ಕೊಡೋದು ಅಡ್ರಿನಾಲಿನ್ ಮತ್ತು ಅದರ ಸೋದರ ನಾರ್‌ಅಡ್ರಿನಾಲಿನ್. ಅವು ಕೀಲಿಕೈ, ಜೀವಕೋಶದ ಮೇಲಿನ ರಿಸೆಪ್ಟರ್ ಬೀಗ. 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್, ಬೀಗ ಒಂದಲ್ಲ, ಆಲ್ಫಾ ಮತ್ತು ಬೀಟಾ ಎಂದು ಎರಡಿವೆ ಎಂದರು. ವರ್ಷಗಟ್ಟಲೆ ಹೆಚ್ಚಿನವರು ಕಿವಿಗೊಡಲಿಲ್ಲ. ಕಿವಿಗೊಟ್ಟ ಜೇಮ್ಸ್ ಬ್ಲ್ಯಾಕ್ ಹೃದಯಕ್ಕೆ ಪ್ರೊಪ್ರಾನೊಲಾಲ್ ಔಷಧ ಕೊಟ್ಟರು, 1988ರಲ್ಲಿ ನೊಬೆಲ್ ಪಡೆದರು. 1967ರಲ್ಲಿ ಬೀಟಾದಲ್ಲೂ ಎರಡು ಬಗೆ ಎಂದಾಯಿತು: ಬೀಟಾ-1 ಮುಖ್ಯವಾಗಿ ಹೃದಯದಲ್ಲಿ, ಬೀಟಾ-2 ಶ್ವಾಸನಾಳದಲ್ಲಿ.

1989ರಲ್ಲಿ ಮನುಷ್ಯನ ಬೀಟಾ-3 ಜೀನ್ ಸಿಕ್ಕಿತು. ಔಷಧ ಕಂಪನಿಗಳಿಗೆ ಹಬ್ಬ! ಯಾಕಂದ್ರೆ ಇಲಿಯ ಕೊಬ್ಬಿನ ತುಂಬ ಬೀಟಾ-3. ಅದನ್ನು ತೆರೆಯುವ ಔಷಧ ಕೊಟ್ಟರೆ ದಪ್ಪ ಇಲಿ ಸಣ್ಣಗಾಯಿತು. ಮನುಷ್ಯನಿಗೆ ಕೊಟ್ಟರೆ? ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಮ್ಮ ಬಿಳಿ ಕೊಬ್ಬಿನಲ್ಲಿ ಬೀಟಾ-3 ತೀರಾ ಕಡಿಮೆ. ಅಲ್ಲಿ ಬೀಟಾ-1, ಬೀಟಾ-2ರದೇ ಕಾರುಬಾರು. ಮೇಲೆ ಆಲ್ಫಾ-2 ಬ್ರೇಕ್ ಬೇರೆ.

2009ರಲ್ಲಿ ಪೆಟ್ ಸ್ಕ್ಯಾನ್ ಅಧ್ಯಯನಗಳು ದೊಡ್ಡವರ ಕತ್ತಿನ ಬುಡದಲ್ಲೂ ಕಂದು ಕೊಬ್ಬು ಕೆಲಸ ಮಾಡೋದನ್ನು ತೋರಿಸಿದವು. ಆಸೆ ಮತ್ತೆ ಚಿಗುರಿತು. ಮೂತ್ರಕೋಶದ ತೊಂದರೆಗೆ 25ರಿಂದ 50 ಮಿಲಿಗ್ರಾಂ ಕೊಡುವ ಮಿರಾಬೆಗ್ರಾನ್ ಬೀಟಾ-3ರ ಕೀಲಿಕೈ. ಅದನ್ನು 12 ಆರೋಗ್ಯವಂತ ಯುವಕರಿಗೆ 200 ಮಿಲಿಗ್ರಾಂ ಕೊಟ್ಟ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಒಲೆ ಹತ್ತಿತು, ನಿಜ. ಎದೆಬಡಿತವೂ ಏರಿತು! 2020ರಲ್ಲಿ ಕೆನಡಾದ ಸಂಶೋಧಕರು, ಮನುಷ್ಯನ ಕಂದು ಕೊಬ್ಬನ್ನು ಹೊತ್ತಿಸೋದು ಬೀಟಾ-2 ಎಂದರು.

ಇಲ್ಲೇ ಇರೋದು ಅಪಾಯ. ಕೊಬ್ಬಿನ ಬೀಗಕ್ಕೆ ಮಾಡಿದ ಕೀಲಿಕೈ ಹೃದಯದ ಬೀಗಕ್ಕೂ ಕೂರುತ್ತದೆ. ಕೊಬ್ಬಷ್ಟನ್ನೇ ಮುಟ್ಟಿ ಹೃದಯವನ್ನು ಬಿಡುವ ಕೀಲಿಕೈಯನ್ನು ದೊಡ್ಡ ದೊಡ್ಡ ಪ್ರಯೋಗಾಲಯಗಳೇ ದಶಕಗಳಿಂದ ಹುಡುಕುತ್ತಿವೆ. ಹೆಸರೂ ವಿಳಾಸವೂ ಇಲ್ಲದ ಡಬ್ಬಿಯಲ್ಲಿ ಅದು ಸಿಕ್ಕೀತೆ? ಮಾತ್ರೆ ನುಂಗಿದ ಮೇಲೆ ಎದೆ ಡವಡವ ಅಂದರೆ, ಅದು ಕೊಬ್ಬು ಕರಗುವ ಸದ್ದಲ್ಲ. ಡಾಕ್ಟರ ಹತ್ತಿರ ಓಡಿ.