ಮಕ್ಕಳು ಮತ್ತು ಹಿರಿಯರ ಮೇಲಿನ ದೌರ್ಜನ್ಯ: ಭಾರತದಲ್ಲಿ ಕಾನೂನಿನ ರಕ್ಷಣೆ

ಮಕ್ಕಳನ್ನೂ ವೃದ್ಧರನ್ನೂ ಹಿಂಸೆ, ಶೋಷಣೆ ಮತ್ತು ಪರಿತ್ಯಾಗದಿಂದ ಕಾಪಾಡಲು ಭಾರತದಲ್ಲಿ ಸಾಮಾನ್ಯ ದಂಡಸಂಹಿತೆಯ ಜೊತೆಗೆ ಪ್ರತ್ಯೇಕ ಕಾಯ್ದೆಗಳಿವೆ. ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ (2007), ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಸಂರಕ್ಷಿಸುವ ಪೋಕ್ಸೊ ಕಾಯ್ದೆ (2012) ಮತ್ತು ಬಾಲನ್ಯಾಯ ಕಾಯ್ದೆ (2015) ಇವುಗಳಲ್ಲಿ ಮುಖ್ಯವಾದವು. ಎಳೆಯರನ್ನಾಗಲಿ ಮುಪ್ಪಿನವರನ್ನಾಗಲಿ ಹಿಂಸಿಸುವವರು ಬಹಳಷ್ಟು ಸಲ ಪರಿಚಿತರೇ, ಆಸರೆ ಕೊಡಬೇಕಾದವರೇ ಆಗಿರುತ್ತಾರೆ. ದೂರು ಕೊಟ್ಟರೆ ಇರುವ ನೆಲೆಯೂ ತಪ್ಪೀತೆಂಬ ಭಯ ಹಿಂಸೆಗೊಳಗಾದವರ ಬಾಯಿ ಕಟ್ಟುತ್ತದೆ. ಆದ್ದರಿಂದಲೇ ಈ ಕಾಯ್ದೆಗಳಲ್ಲಿ ಶಿಕ್ಷೆಯಷ್ಟೇ ಮಹತ್ವ ದೂರು ಹೇಳಿಕೊಳ್ಳುವ ದಾರಿಗೂ ಇದೆ.

ಪೋಕ್ಸೊ ಕಾಯ್ದೆ

2012ರ ನವೆಂಬರ್ 14ರಂದು ಜಾರಿಗೆ ಬಂದ ಈ ಕಾಯ್ದೆ 18 ವರ್ಷದೊಳಗಿನ ಎಲ್ಲ ಹುಡುಗ ಹುಡುಗಿಯರಿಗೂ ಅನ್ವಯಿಸುತ್ತದೆ. ಅಪರಾಧ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾಗಿದ್ದು ಮುಚ್ಚಿಟ್ಟರೆ 1 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 2019ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿತು. ಅತಿ ಘೋರ ಪ್ರಕರಣಗಳಲ್ಲಿ ಮರಣದಂಡನೆಗೂ ಅವಕಾಶವಿದೆ.

ಕಾಯ್ದೆಯ ಜೀವಾಳವಿರುವುದು ಮಗುವನ್ನು ನಡೆಸಿಕೊಳ್ಳುವ ರೀತಿಯಲ್ಲಿ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಬರೆದುಕೊಳ್ಳಬೇಕು. ಆಗ ಅವರು ಖಾಕಿ ತೊಟ್ಟಿರಬಾರದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ಗುಟ್ಟಾಗಿ ನಡೆಯುತ್ತದೆ. ಸಾಕ್ಷ್ಯ ಹೇಳುವಾಗ ಆರೋಪಿಯ ಮುಖ ಕಾಣದಂತೆ ನಡುವೆ ಪರದೆ ಕಟ್ಟಬಹುದು. ವಕೀಲರು ಮಗುವನ್ನು ನೇರವಾಗಿ ಕೇಳುವ ಹಾಗಿಲ್ಲ. ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರೇ ಅವನ್ನು ಮಗುವಿಗೆ ಕೇಳುತ್ತಾರೆ. ಮಗುವಿನ ಹೆಸರು, ಶಾಲೆ, ಊರು, ಭಾವಚಿತ್ರಗಳನ್ನು ಮಾಧ್ಯಮಗಳು ಪ್ರಕಟಿಸಬಾರದು.

ಬಾಲನ್ಯಾಯ ಮತ್ತು ಇತರ ಕಾನೂನುಗಳು

ಮಗುವನ್ನು ಹೊಡೆದು ಬಡಿದು ನೋಯಿಸುವುದು, ಕೈಬಿಡುವುದು, ಬೇಕೆಂದೇ ಅಲಕ್ಷಿಸುವುದು ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ನಿನಡಿ ಅಪರಾಧ. ಆಸರೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಬಾಲ್ಯವಿವಾಹವನ್ನು ಕೇಂದ್ರದ 2006ರ ಕಾಯ್ದೆ ಸಾಮಾನ್ಯವಾಗಿ ಬಾಲ್ಯದಲ್ಲಿ ಮದುವೆಯಾದವರು ಕೇಳಿಕೊಂಡರೆ ಮಾತ್ರ ರದ್ದುಪಡಿಸುತ್ತದೆ. ಕರ್ನಾಟಕ ತನ್ನ 2016ರ ತಿದ್ದುಪಡಿಯಿಂದ ಅಂಥ ಮದುವೆ ಆರಂಭದಿಂದಲೇ ಅಸಿಂಧುವೆಂದು ಸಾರಿತು. ಸುಪ್ರೀಂ ಕೋರ್ಟ್ 2017ರ ತೀರ್ಪಿನಲ್ಲಿ ಈ ಕ್ರಮವನ್ನು ಮೆಚ್ಚಿಕೊಂಡಿದೆ.

ಹಿರಿಯ ನಾಗರಿಕರ ಕಾಯ್ದೆ

ತಮ್ಮನ್ನು ತಾವು ನೋಡಿಕೊಳ್ಳಲಾಗದ 60 ವರ್ಷ ತುಂಬಿದವರೂ, ವಯಸ್ಸೆಷ್ಟೇ ಇರಲಿ ಅಂಥ ತಂದೆ ತಾಯಿಯರೂ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಕೇಳಬಹುದು. ಕೋರ್ಟು ಕಚೇರಿ ಅಲೆಯಬೇಕಿಲ್ಲ; ಉಪವಿಭಾಗಾಧಿಕಾರಿಯ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ಸಾಕು. ಸ್ವತಃ ಹೋಗಲಾಗದವರ ಪರವಾಗಿ ಬೇರೆಯವರೂ ಕೊಡಬಹುದು. ನೋಟಿಸು ತಲುಪಿದ 90 ದಿನಗಳೊಳಗೆ ಇತ್ಯರ್ಥವಾಗಬೇಕು. ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಹಿರಿಯರನ್ನು ಪೂರಾ ತೊರೆದುಬಿಟ್ಟರೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಾಯಿಯೊಬ್ಬಳು ಮಗನ ಹೆಸರಿಗೆ ಮನೆಯನ್ನು ದಾನಪತ್ರ ಮಾಡಿ ಹೆಬ್ಬೆಟ್ಟೊತ್ತುತ್ತಾಳೆ. ಕೆಲವೇ ತಿಂಗಳಲ್ಲಿ ಅದೇ ಮನೆಯಲ್ಲಿ ಅವಳಿಗೆ ಅನ್ನ ಔಷಧಕ್ಕೂ ತತ್ವಾರವಾಗುತ್ತದೆ. 23ನೇ ಸೆಕ್ಷನ್ ಇರುವುದು ಇಂಥವರಿಗಾಗಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, ನ್ಯಾಯಮಂಡಳಿ ಹಿಂದಕ್ಕೆ ಪಡೆಯಲು ಆದೇಶಿಸಬಹುದು. ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕು, ಸ್ವಾಧೀನವನ್ನೂ ಬಿಡಿಸಿಕೊಡಬಹುದು ಎಂದು 2025ರ ಜನವರಿಯಲ್ಲಿ ತೀರ್ಪಿತ್ತಿತು. ಹಾಗಾಗಿ ಹಿರಿಯರು ಈ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿಕೊಳ್ಳುವುದು ಕ್ಷೇಮ. ಈ ಹಕ್ಕಿಗೂ ಎಲ್ಲೆಯಿದೆ. ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸೊಸೆಗೆ ಕೊಟ್ಟಿರುವ ವಾಸದ ಹಕ್ಕನ್ನು ಕಸಿಯಲು ಹಿರಿಯ ನಾಗರಿಕರ ಕಾಯ್ದೆಯನ್ನು ಬಳಸಬಾರದೆಂದಿತು.

ನೆರವಿನ ದಾರಿ

ಮಕ್ಕಳ ಸಹಾಯವಾಣಿ 1098, ಹಿರಿಯರದು 14567. ಎಳೆಯ ಮಗುವಿಗೂ ಹಾಸಿಗೆ ಹಿಡಿದ ಅಜ್ಜಿಗೂ ತಾವೇ ಫೋನು ಎತ್ತಿಕೊಳ್ಳುವುದು ಸುಲಭವಲ್ಲ. ನೆರೆಮನೆಯವರು, ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಕಂಡದ್ದನ್ನು ತಿಳಿಸಿದಾಗಲೇ ಈ ಕಾಯ್ದೆಗಳು ಮುಚ್ಚಿದ ಬಾಗಿಲನ್ನು ದಾಟಿ ಒಳಗೆ ಹೋಗಬಲ್ಲವು.