ಹಣಕಾಸು ವಂಚನೆ (ಕರ್ನಾಟಕ)

ಹೆಚ್ಚು ಬಡ್ಡಿಯ ಆಸೆ ತೋರಿಸಿಯೋ ಕೇಸಿನ ಭಯ ಹುಟ್ಟಿಸಿಯೋ ಜನರ ಉಳಿತಾಯವನ್ನು ಲಪಟಾಯಿಸುವುದು. ರಾಜ್ಯದಲ್ಲಿ ಇದರ ಚರಿತ್ರೆ ಹೇಳಲು ಚೀಟಿಯಿಂದಲೇ ಶುರುಮಾಡಬೇಕು. ಚೀಟಿ ತಾನಾಗಿ ಮೋಸವಲ್ಲ. ಇಪ್ಪತ್ತು ಮಂದಿ ತಿಂಗಳಿಗೆ 1,000 ರೂಪಾಯಿಯಂತೆ ಹಾಕಿದರೆ 20,000 ಕೂಡುತ್ತದೆ. ತುರ್ತು ಇದ್ದವರು 16,000ಕ್ಕೆ ಕೂಗಿ ಎತ್ತಿದರೆ, ಉಳಿದ 4,000ದಲ್ಲಿ ನಡೆಸುವವರ ಕಮಿಷನ್ ಕಳೆದು ಮಿಕ್ಕದ್ದು ಎಲ್ಲರಿಗೂ ಹಂಚಿಕೆ. ಎಷ್ಟೋ ಮದುವೆಗಳು, ಬೋರ್‌ವೆಲ್‌ಗಳು ಇದರಲ್ಲೇ ಆಗಿವೆ. ಒಂದು ಚೀಟಿಯ ದುಡ್ಡಲ್ಲಿ ಇನ್ನೊಂದರ ಬಾಕಿ ತೀರಿಸತೊಡಗಿದಾಗ ಕೆಡುತ್ತದೆ. 1982ರ ಚಿಟ್ ಫಂಡ್ಸ್ ಕಾಯ್ದೆ ನೋಂದಣಿಯನ್ನೂ ಭದ್ರತಾ ಠೇವಣಿಯನ್ನೂ ಕಡ್ಡಾಯ ಮಾಡಿತು. ಬೀದಿಯ ಚೀಟಿ ಮಾತ್ರ ಇಂದಿಗೂ ನಡೆಸುವವರ ಮುಖ ನೋಡಿಯೇ ನಡೆಯುತ್ತದೆ.

ಹೊಸಬರ ಠೇವಣಿಯಿಂದ ಹಳಬರಿಗೆ ಬಡ್ಡಿ ಕೊಡುವ ಉಪಾಯಕ್ಕೆ ಚಾರ್ಲ್ಸ್ ಪಾಂಜಿಯ ಹೆಸರು ಅಂಟಿದೆ. ಆತ 1920ರಲ್ಲಿ ಬಾಸ್ಟನ್‌ನಲ್ಲಿ 45 ದಿನಕ್ಕೆ ಶೇ 50 ಲಾಭದ ಮಾತು ಕೊಟ್ಟಿದ್ದ. ಬೆಂಗಳೂರಿನಲ್ಲಿ ಇದೇ ಉಪಾಯದ ವಿನಿವಿಂಕ್ ಎಂಬ ಹೂಡಿಕೆ ಸಂಸ್ಥೆ 2005ರಲ್ಲಿ ಕುಸಿಯಿತು. ಠೇವಣಿದಾರರ ಹಿತರಕ್ಷಣೆಗೆಂದು 2004ರಲ್ಲಿ ರಾಜ್ಯ ಮಾಡಿದ ಕಾಯ್ದೆ ವಂಚಕ ಸಂಸ್ಥೆಯ ಆಸ್ತಿ ಜಪ್ತಿಗೆ ದಾರಿ ಮಾಡಿತ್ತು. ಅದಿದ್ದೂ 2006ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಐಎಂಎ ಎಂಬ ಹೂಡಿಕೆ ಸಂಸ್ಥೆ ಹದಿಮೂರು ವರ್ಷ ನಡೆಯಿತು. ಬಡ್ಡಿ ನಿಷಿದ್ಧವೆನ್ನುವ ಮುಸ್ಲಿಂ ಕುಟುಂಬಗಳಿಗೆ ಅದು ಬಡ್ಡಿ ಎನ್ನಲಿಲ್ಲ, ‘ಲಾಭದ ಪಾಲು’ ಎಂದಿತು. ಠೇವಣಿದಾರರನ್ನು ಪಾಲುದಾರರೆಂದು ಕರೆಯಿತು. ಪದ ಬದಲಾಯಿಸಿದ್ದೇ ಅದರ ಜಾಣತನ. 2019ರ ಜೂನ್‌ನಲ್ಲಿ ಸ್ಥಾಪಕ ಮನ್ಸೂರ್ ಖಾನ್‌ನ ಧ್ವನಿಮುದ್ರಣ ಹರಿದಾಡಿದಾಗ ಶಿವಾಜಿನಗರದ ಅದರ ಕಚೇರಿಗೆ ಜನ ಮುಗಿಬಿದ್ದರು. ದುಬೈಗೆ ಹೋಗಿದ್ದ ಆತ ಜುಲೈ 19ರಂದು ದೆಹಲಿಯಲ್ಲಿ ಸೆರೆಯಾದ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಯೂ ಅದೇ ವರ್ಷದ್ದು.

ಇಷ್ಟರವರೆಗೆ ವಂಚಕನಿಗೊಂದು ಅಂಗಡಿ, ಒಂದು ಬೋರ್ಡು ಇತ್ತು. ಮೊಬೈಲ್ ಬಂದ ಮೇಲೆ ಅದೂ ಬೇಡವಾಯಿತು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ನಡೆಯುತ್ತದೆ. ಆ ಹರಾಜಿನ ದುಡ್ಡು ಈಗ ಖಾತೆಗೇ ಬೀಳುತ್ತದೆ, ಖಾತೆ ಜೇಬಿನ ಫೋನಿನಲ್ಲಿದೆ. ಅದೇ ಫೋನಿನ ವಾಟ್ಸಾಪಿಗೆ ಲಗ್ನಪತ್ರಿಕೆ ಬರುತ್ತದೆ. ಕಡತದ ಹೆಸರಿನ ಕೊನೆಗೆ ‘ಎಪಿಕೆ’ ಎಂದಿದ್ದರೆ ಅದು ಪತ್ರಿಕೆಯಲ್ಲ, ಫೋನಿಗೆ ಹೊಕ್ಕು ಒಟಿಪಿ ಕದಿಯಬಲ್ಲ ಆ್ಯಪ್. ‘ದುಡ್ಡು ಬರಬೇಕಾದರೆ ಪಿನ್ ಒತ್ತಿ’ ಎನ್ನುವುದು ಇನ್ನೊಂದು ಬಗೆ. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಕಳಿಸುವುದಕ್ಕೆ, ಬ್ಯಾಲೆನ್ಸ್ ನೋಡುವುದಕ್ಕೆ, ಪಡೆಯುವುದಕ್ಕಲ್ಲ.

‘ಡಿಜಿಟಲ್ ಅರೆಸ್ಟ್’ ಆಸೆಯನ್ನು ಬಿಟ್ಟು ಭಯವನ್ನು ಹಿಡಿದ ವಂಚನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎಂಬ ಕರೆ, ಆಮೇಲೆ ವಿಡಿಯೋದಲ್ಲಿ ಖಾಕಿ, ಹಿಂದೆ ಗೋಡೆಗೆ ಲಾಂಛನ. ಕ್ಯಾಮೆರಾ ಆರಿಸಬೇಡಿ, ಮನೆಯವರಿಗೆ ಹೇಳಬೇಡಿ, ಪರಿಶೀಲನೆಗೆ ಹಣ ಕಳಿಸಿ. ಹಾಗೊಂದು ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಮನೆಯವರಿಗೆ ಹೇಳಬೇಡಿ ಎಂಬ ಮಾತು ಬಂದಲ್ಲಿಗೆ ಕರೆ ಕತ್ತರಿಸಬಹುದು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇಂಥದೊಂದು ಕರೆಯನ್ನು ಕೇಳಿಸಿದರು, ಅದು ಬಂದದ್ದು ವಿಜಯಪುರದವರೊಬ್ಬರಿಗೆ.

ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಈಗ ಹಾಸನವೂ ಸೇರಿ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳಿವೆ. ಹೋದ ಹಣ ಬಾಡಿಗೆ ಖಾತೆಯಿಂದ ಬಾಡಿಗೆ ಖಾತೆಗೆ ಹಾರುವುದರಿಂದ ಠಾಣೆಗಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಬ್ಯಾಂಕು ಅಲ್ಲಿಯೇ ತಡೆಹಿಡಿಯುತ್ತದೆ.