ಎರಡು ಸೂರ್ಯೋದಯಗಳ ಹಾದಿ

ನಮ್ಮ ಗಡಿನಾಡಿನ ಮನೆಗಳಲ್ಲಿ ದೂರವನ್ನು ಮೈಲಿಯಲ್ಲಿ ಕೇಳುವವರು ಕಡಿಮೆ. ಮಗ ದುಬೈಯಲ್ಲಿದ್ದಾನೆ ಎಂದರೆ, "ವಿಮಾನದಲ್ಲಿ ಎಷ್ಟು ಗಂಟೆ?" ಎಂಬುದೇ ಮರುಪ್ರಶ್ನೆ. ಕೇಳುವ ಕ್ರಮ ಸರಿಯಾದುದೇ ಎಂದು ನನಗನ್ನಿಸುತ್ತದೆ. ಎರಡು ನಿಲ್ದಾಣಗಳ ನಡುವಣ ದೂರವನ್ನು ಭೂಗೋಲ ನಿಶ್ಚಯಿಸುತ್ತದೆ. ಪ್ರಯಾಣದ ಹೊತ್ತನ್ನು ನಿಶ್ಚಯಿಸುವುದು ಯಂತ್ರ, ಗಾಳಿ ಮತ್ತು ರಾಜಕೀಯ. ಇದಕ್ಕೆ ನಾನು ಕಂಡ ಒಳ್ಳೆಯ ನಿದರ್ಶನ ಆಸ್ಟ್ರೇಲಿಯದ ಪರ್ತ್‌ನಿಂದ ಸಿಂಹಳದ ಕೊಗ್ಗಲಕ್ಕೆ ಇದ್ದ ಹಾದಿ.

1938ರಿಂದ ಸಿಡ್ನಿಗೂ ಇಂಗ್ಲೆಂಡಿನ ಸೌತಾಂಪ್ಟನ್‌ಗೂ ನಡುವೆ ಹಾರುದೋಣಿಗಳು ಓಡಾಡುತ್ತಿದ್ದವು. ನೀರಿನ ಮೇಲಿಳಿಯುವ ಈ ವಿಮಾನಗಳು ಸಿಂಗಾಪುರ, ಕಲ್ಕತ್ತಾ, ಕರಾಚಿ ಎಂದು ತಂಗುತ್ತ ಸಾಗುತ್ತಿದ್ದವು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ವಶವಾಯಿತು. ಹಾದಿ ನಡುವೆಯೇ ತುಂಡಾಯಿತು. ಭೂಪಟದಲ್ಲಿ ಒಂದಂಗುಲವೂ ಬದಲಾಗಲಿಲ್ಲ. ಆದರೂ ಕಾಗದಕ್ಕಾಗಿ ಕಾದಿದ್ದ ತಾಯಂದಿರಿಗೆ ಇಂಗ್ಲೆಂಡು ಬಹುದೂರ ಸರಿಯಿತು.

ತುಂಡಾದುದನ್ನು ಹೆಣೆಯಲು ಉಳಿದದ್ದು ಹಿಂದೂ ಮಹಾಸಾಗರ ಮಾತ್ರ. 1943ರಲ್ಲಿ ಕ್ವಾಂಟಾಸ್ ಸಂಸ್ಥೆ ಪರ್ತ್‌ನ ಸ್ವಾನ್ ನದಿಯಿಂದ ಗಾಲೆಯ ಹತ್ತಿರದ ಕೊಗ್ಗಲ ಸರೋವರಕ್ಕೆ ಕ್ಯಾಟಲೀನಾ ಹಾರುದೋಣಿಗಳನ್ನು ಓಡಿಸತೊಡಗಿತು. ದೂರ ಸುಮಾರು 5,600 ಕಿಲೋಮೀಟರ್, ನಡುವೆ ತಂಗುದಾಣವಿಲ್ಲ. ಹೊತ್ತು 27ರಿಂದ 33 ಗಂಟೆ. 28 ಗಂಟೆಯೆಂದು ಹಿಡಿದರೂ ವೇಗ ಗಂಟೆಗೆ 200 ಕಿಲೋಮೀಟರ್ ಮಾತ್ರ. ಇಷ್ಟು ಹೊತ್ತಿಗೆ ಬೇಕಾದ ಪೆಟ್ರೋಲನ್ನು ತುಂಬಿದ ಮೇಲೆ ಉಳಿದ ಜಾಗ ಮೂವರು ಪ್ರಯಾಣಿಕರಿಗೆ ಮತ್ತು 70 ಕಿಲೋದಷ್ಟು ಅಂಚೆಗೆ. ಮೊದಲ ಗಂಟೆಗಳಲ್ಲೇ ಒಂದು ಎಂಜಿನ್ ಕೆಟ್ಟರೆ ಆ ಭಾರದೊಡನೆ ಹಾರುತ್ತಿರುವುದು ಸಾಧ್ಯವಿರಲಿಲ್ಲ. ವೈರಿಗೆ ಸುಳಿವು ಸಿಗಬಾರದೆಂದು ರೇಡಿಯೋ ಮೌನವಾಗಿರುತ್ತಿತ್ತು. ಅಪಾಯದ ವಲಯವನ್ನು ಕತ್ತಲಲ್ಲಿ ದಾಟಬೇಕು. ದಿಕ್ಕು ತೋರಲು ನಕ್ಷತ್ರಗಳೇ ಗತಿ. ಆ ಐದು ವಿಮಾನಗಳಿಗೂ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು. ಅವುಗಳಲ್ಲೊಂದು ಸ್ಪೈಕಾ, ಅಂದರೆ ನಮ್ಮ ಚಿತ್ತಾ ನಕ್ಷತ್ರ.

ಒಂದೇ ಹಾರಾಟದಲ್ಲಿ ಎರಡು ಬಾರಿ ಸೂರ್ಯ ಮೂಡುವುದನ್ನು ಕಂಡ ಪ್ರಯಾಣಿಕರಿಗೆ 'ಎರಡು ಸೂರ್ಯೋದಯಗಳ ಗುಪ್ತ ಸಂಘ'ದ ಸದಸ್ಯರೆಂದು ಒಂದು ಪತ್ರವನ್ನು ಕೊಡುತ್ತಿದ್ದರು. ತಮಾಷೆಯ ಪತ್ರವೇ ಸರಿ; ಆದರೆ ಅದನ್ನು ಪಡೆಯಲು ಇಡೀ ರಾತ್ರಿ ಜೀವ ಕೈಯಲ್ಲಿ ಹಿಡಿದು ಕೂರಬೇಕಿತ್ತು. 1945ರ ಜುಲೈವರೆಗೆ ಈ ವಿಮಾನಗಳು 271 ಬಾರಿ ಸಾಗರವನ್ನು ದಾಟಿದವು. ಒಂದೂ ಮುಳುಗಲಿಲ್ಲ.

ಯುದ್ಧ ಮುಗಿದ ಮೇಲೆ ಅವನ್ನು ಮುಳುಗಿಸಿದವರು ಮನುಷ್ಯರೇ. ಅಮೆರಿಕದಿಂದ ಯುದ್ಧಕಾಲದ ಕರಾರಿನ ಮೇಲೆ ಬಂದ ವಿಮಾನಗಳವು. ಕರಾರಿನಂತೆ ಐದನ್ನೂ ಸಮುದ್ರದಲ್ಲಿ ಮುಳುಗಿಸಲಾಯಿತು. ವೈರಿಗೂ ಬಿರುಗಾಳಿಗೂ ಸಿಕ್ಕದವು ಒಂದು ಕಾಗದದ ಶರತ್ತಿಗೆ ಸಿಕ್ಕಿದವು.

2018ರ ಮಾರ್ಚಿನಲ್ಲಿ ಅದೇ ಪರ್ತ್‌ನಿಂದ ಲಂಡನ್ನಿಗೆ ಎಲ್ಲಿಯೂ ಇಳಿಯದ ವಿಮಾನ ಆರಂಭವಾಯಿತು: ಸುಮಾರು 14,500 ಕಿಲೋಮೀಟರ್, 17 ಗಂಟೆ. ಎರಡೂವರೆ ಪಾಲಿಗೂ ಮಿಕ್ಕ ದೂರ, ಆದರೆ ಮೂರರಲ್ಲಿ ಎರಡು ಪಾಲಿಗೂ ಕಡಿಮೆ ಹೊತ್ತು. ಗೆದ್ದದ್ದು ಯಂತ್ರ, ನಿಜ. ಆದರೆ ನಡುವಿನ ಆಕಾಶ ಶಾಂತವಾಗಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಗಲ್ಫಿನಲ್ಲಿ ಯುದ್ಧದ ಸುದ್ದಿ ಕೇಳಿದ ದಿನ ನಮ್ಮ ಮನೆಗಳಲ್ಲಿ ಉಣ್ಣದೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.